ಸಿಡಿ ಚಪ್ಪೆಯೋ, ಫೈಲು ಚಪ್ಪೆಯೋ: ಹಾಡಿನ ದನಿ ಕೆಟ್ಟಾಗ ದೋಷ ಹುಡುಕುವ ಬಗೆ

ಹಾಸನ ಸೀಮೆಯಲ್ಲಿ ಸಂಗೀತ ಕೇಳುವ ಮನೆಗಳ ಬೀರುವಿನಲ್ಲಿ ಎಲ್ಲ ಕಾಲದ ಸರಕೂ ಒಟ್ಟಿಗೇ ಇರುತ್ತದೆ. ಅಜ್ಜನ ಕಾಲದ ಗ್ರಾಮಫೋನ್ ಪ್ಲೇಟು, ರುದ್ರಪಟ್ಟಣದಲ್ಲಿ ಕಛೇರಿ ನಡೆದಾಗ ಯಾರೋ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟ ಕ್ಯಾಸೆಟ್ಟು, 2000ದ ಆಸುಪಾಸಿನಲ್ಲಿ ಕೊಂಡ ಸಿಡಿ, ಕಾರಿನ ಪೆನ್‌ಡ್ರೈವು, ಫೋನಿನ ಆ್ಯಪು. ಒಂದೇ ಕೀರ್ತನೆ ಒಂದರಲ್ಲಿ ತುಂಬಿ ಬಂದು ಇನ್ನೊಂದರಲ್ಲಿ ಚಪ್ಪೆಯಾದರೆ ಅನುಮಾನ ನೇರವಾಗಿ ತಟ್ಟೆಯ ಮೇಲೋ ಫಾರ್ಮ್ಯಾಟಿನ ಮೇಲೋ ಹೋಗುತ್ತದೆ. ಜಪಾನಿನಿಂದ ವಿಶೇಷ ಪ್ಲಾಸ್ಟಿಕ್ಕಿನ ಸಿಡಿ ತರಿಸೋಣವೇ, ಇದ್ದ ಎಂಪಿತ್ರೀಗಳನ್ನೆಲ್ಲ ಅಳಿಸಿ ಫ್ಲ್ಯಾಕ್ (ಏನನ್ನೂ ಬಿಡದೆ ಚಿಕ್ಕದು ಮಾಡಿದ ಫೈಲು) ಹಾಕಿಕೊಳ್ಳೋಣವೇ ಎಂಬ ಯೋಚನೆ ಶುರುವಾಗುತ್ತದೆ. ದುಡ್ಡು ಬಿಚ್ಚುವ ಮೊದಲು ದೋಷ ಎಲ್ಲಿದೆಯೆಂದು ಗೊತ್ತುಮಾಡಿಕೊಳ್ಳಿ.

ಹುಡುಕಾಟಕ್ಕೆ ದಿಕ್ಕು ಕೊಡುವ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಡಿಜಿಟಲ್ ತಟ್ಟೆಯ ವಸ್ತು ಎರಡು ವಿಷಯವನ್ನು ನಿರ್ಧರಿಸುತ್ತದೆ: ಅದನ್ನು ಓದಲು ಆಗುತ್ತದೆಯೇ, ಎಷ್ಟು ವರ್ಷ ಆಗುತ್ತದೆ. ನಾದದ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ಪ್ಲೇಟು, ಕ್ಯಾಸೆಟ್ಟಿನಲ್ಲಿ ಹಾಗಲ್ಲ, ಅಲ್ಲಿ ವಸ್ತುವಿನ ಗುಣವೆಲ್ಲ ನಾದಕ್ಕೆ ಇಳಿಯುತ್ತದೆ. ಆದ್ದರಿಂದ ಕೈಯಲ್ಲಿರುವುದು ಯಾವ ಜಾತಿಯದು ಎಂದು ನೋಡದೆ ರಿಪೇರಿಗೆ ಇಳಿಯಬಾರದು.

ಮೊದಲು ಎರಡರ ದನಿ ಸಮ ಮಾಡಿ

ಹೋಲಿಸುವ ಎರಡರಲ್ಲಿ ಯಾವುದು ತುಸು ಜೋರಾಗಿದೆಯೋ ಅದರ ಪರವಾಗಿಯೇ ಕಿವಿ ತೀರ್ಪು ಕೊಡುತ್ತದೆ. ಒಂದು ಡೆಸಿಬಲ್‌ನಷ್ಟು ವ್ಯತ್ಯಾಸ ನಮಗೆ ಜೋರು ಎಂದು ತಿಳಿಯುವುದಿಲ್ಲ. ‘ಬಿಡಿಬಿಡಿಯಾಗಿ ಕೇಳುತ್ತದೆ’, ‘ಕಂಠ ಮುಂದೆ ಬಂದಿದೆ’ ಎಂದು ತಿಳಿಯುತ್ತದೆ. ಸಿಡಿ ಪ್ಲೇಯರು, ಫೋನು, ಪೆನ್‌ಡ್ರೈವು ಮೂರೂ ಒಂದೇ ಆಂಪ್ಲಿಫೈಯರಿಗೆ ಕೊಡುವ ಮಟ್ಟ ಬೇರೆಬೇರೆ. ಹಾಗಾಗಿ ನಾಬ್ ಮುಟ್ಟದೆ ಒಂದರಿಂದ ಇನ್ನೊಂದಕ್ಕೆ ಹಾರಿ ‘ನೋಡಿ, ಸಿಡಿಯೇ ಮೇಲು’ ಎಂದರೆ ಅದು ಪರೀಕ್ಷೆಯಾಗುವುದಿಲ್ಲ.

ಶಬ್ದ ಅಳೆಯುವ ಆ್ಯಪ್ ಒಂದನ್ನು ಫೋನಿಗೆ ಹಾಕಿಕೊಂಡು, ನೀವು ಕೂತು ಕೇಳುವ ಕುರ್ಚಿಯ ಮೇಲೆ ಫೋನ್ ಇಡಿ. ಎರಡರಲ್ಲೂ ಪಲ್ಲವಿಯ ಅದೇ ಆವರ್ತ ಹಾಕಿ, ಅರ್ಧ ಡೆಸಿಬಲ್ ಒಳಗೆ ಸಮವಾಗುವ ತನಕ ವಾಲ್ಯೂಮ್ ಹೊಂದಿಸಿ. ಆಮೇಲೆ ಬದಲಾಯಿಸುವ ಕೆಲಸ ಮನೆಯವರಿಗೆ ಕೊಟ್ಟು ನೀವು ಬೆನ್ನು ಹಾಕಿ ಕೂತುಕೊಳ್ಳಿ. ಯಾವುದು ಯಾವಾಗ ಎಂದು ಅವರು ನಾಣ್ಯ ಚಿಮ್ಮಿ ತೀರ್ಮಾನಿಸಲಿ, ಬರೆದಿಟ್ಟುಕೊಳ್ಳಲಿ. 16 ಸರದಿಯಲ್ಲಿ 12 ಅಥವಾ ಅದಕ್ಕಿಂತ ಹೆಚ್ಚು ಸರಿ ಹೇಳಿದರೆ ವ್ಯತ್ಯಾಸ ನಿಜವಾಗಿಯೂ ಕೇಳುತ್ತಿದೆ ಎಂದು ನಂಬಬಹುದು. 8 ಅಥವಾ 9 ಸರಿಯಾದರೆ ಅದು ಊಹೆಯ ಲೆಕ್ಕ. ಈ ಹೆಜ್ಜೆಯನ್ನು ದಯವಿಟ್ಟು ಹಾರಿಸಬೇಡಿ. ಎಷ್ಟೋ ದೂರುಗಳು ಇಲ್ಲೇ ಮುಗಿದುಹೋಗುತ್ತವೆ, ಉಳಿದವುಗಳಿಗೆ ಮಾತ್ರ ಮುಂದಿನದು ಬೇಕು.

ಸಿಡಿಯ ದೂರು

1982ರಲ್ಲಿ ಫಿಲಿಪ್ಸ್ ಮತ್ತು ಸೋನಿ ಸೇರಿ ತಂದ ಸಿಡಿ 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ತಟ್ಟೆ. ಅದರ ಮೇಲೆ ತೆಳ್ಳನೆಯ ಅಲ್ಯೂಮಿನಿಯಂ ಪದರ, ಅದರ ಮೇಲೆ ಲ್ಯಾಕರ್, ಅದರ ಮೇಲೆ ಅಚ್ಚು. 780 ನ್ಯಾನೊಮೀಟರಿನ ಲೇಸರ್ ಕೆಳಗಿನಿಂದ ಗುಂಡಿಗಳನ್ನು ಓದುತ್ತದೆ. ಅದರಲ್ಲಿರುವುದು ನಾದದ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದ ಅಂಕಿಗಳು, ಅಂದರೆ ಮಾದರಿಗಳು; ಒಂದೊಂದೂ 16 ಬಿಟ್, ಎರಡು ಚಾನೆಲ್ಲು. ಗೀರು, ಧೂಳು ಇರುವುದೇ ಎಂದು ಮೊದಲೇ ಲೆಕ್ಕ ಹಾಕಿ ಮಾಹಿತಿಯನ್ನು ಚದುರಿಸಿ, ತಪ್ಪು ತಿದ್ದುವ ಸಂಕೇತಗಳ ಜೊತೆ ಬರೆದಿರುತ್ತಾರೆ. ಗುಂಡಿಗಳು ಸಾಲಾಗಿರುವ ದಾರಿಯಲ್ಲಿ ಸುಮಾರು ಎರಡೂವರೆ ಮಿಲಿಮೀಟರ್ ಉದ್ದ ಅಳಿಸಿಹೋದರೂ ಪ್ಲೇಯರು ಅದನ್ನು ಒಂದು ಬಿಟ್ ಕೂಡ ತಪ್ಪದೆ ಮತ್ತೆ ಕಟ್ಟಿಕೊಡಬಲ್ಲದು. ಅದಕ್ಕೂ ಮೀರಿದರೆ ಅಕ್ಕಪಕ್ಕದ ಮಾದರಿ ನೋಡಿ ಅಂದಾಜು ತುಂಬುತ್ತದೆ. ಅದೂ ಆಗದಿದ್ದರೆ ದನಿ ನಿಲ್ಲಿಸುತ್ತದೆ, ಇಲ್ಲವೇ ಹಾರುತ್ತದೆ.

ಇದರಿಂದ ರೋಗಲಕ್ಷಣ ಓದುವುದು ಸುಲಭ. ಟಿಕ್ ಟಿಕ್, ತಡವರಿಕೆ, ಒಂದೇ ಸ್ವರ ತಿರುಗಿ ತಿರುಗಿ ಬರುವುದು, ‘ನೋ ಡಿಸ್ಕ್’ ಎಂಬ ಬರಹ, ಇವು ತಟ್ಟೆಯ ಅಥವಾ ಲೆನ್ಸಿನ ದೋಷ. ‘ಬೇಸ್ ಕಮ್ಮಿ’, ‘ತಂಬೂರಿ ಮಂಕು’, ‘ಕಂಠ ಒಣಗಿದೆ’ ಎಂಬುವು ತಟ್ಟೆಯ ದೋಷವಾಗಲು ಸಾಧ್ಯವಿಲ್ಲ. ಹಾಳಾದ ಸಿಡಿ ಮಂಕಾಗಿ ಹಾಡುವುದಿಲ್ಲ, ತುಂಡಾಗಿ ಹಾಡುತ್ತದೆ. ಮಂಕಿನ ದೂರಿಗೆ ಸಿಡಿ ಒರೆಸಿ ಪ್ರಯೋಜನವಿಲ್ಲ.

ತುಂಡಾಗುವ ದೂರಿಗೆ ಹೀಗೆ ಮಾಡಿ. ಅದೇ ಸಿಡಿ ಬೇರೆ ಪ್ಲೇಯರಿನಲ್ಲಿ, ಬೇರೆ ಸಿಡಿ ಇದೇ ಪ್ಲೇಯರಿನಲ್ಲಿ ಹಾಕಿ ನೋಡಿ. ಎಲ್ಲ ಸಿಡಿಯೂ ಹಾರುತ್ತಿದ್ದರೆ ಲೆನ್ಸು. ಸಕಲೇಶಪುರದ ಕಡೆ ಮಳೆಗಾಲದಲ್ಲಿ ಬಳಸದೆ ಇಟ್ಟ ಪ್ಲೇಯರಿನ ಲೆನ್ಸಿನ ಮೇಲೆ ತೇವದ ಮಬ್ಬು, ಕೆಲವೊಮ್ಮೆ ಬೂಷ್ಟೇ ಕೂತಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ತಾಕಿಸಿದ ಹತ್ತಿಕಡ್ಡಿಯಿಂದ, ಒತ್ತದೆ, ಒರೆಸಿದರೆ ಹೋಗುತ್ತದೆ. ಒಂದೇ ಸಿಡಿ ಕಾಡುತ್ತಿದ್ದರೆ ಅದನ್ನು ಬಲ್ಬಿಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ಬೆಳಕು ತೂರಿಬಂದ ಕಡೆ ಅಲ್ಯೂಮಿನಿಯಂ ಕಳಚಿದೆ, ಅದಕ್ಕೆ ಔಷಧವಿಲ್ಲ. ಹೊಳೆಯುವ ಬದಿಯ ಗೀರನ್ನು ಉಜ್ಜಿ ತೆಗೆಯಬಹುದು. ಚಿತ್ರವಿರುವ ಬದಿಯ ಗೀರು ಮಾಹಿತಿಯನ್ನೇ ಕಿತ್ತುಕೊಂಡು ಹೋಗಿರುತ್ತದೆ. ಜನ ಸಿಡಿಯನ್ನು ಹೊಳೆಯುವ ಬದಿ ಮೇಲೆ ಮಾಡಿ ಮೇಜಿನ ಮೇಲೆ ಇಡುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ, ಜೋಪಾನ ಬೇಕಾದ ಬದಿಯೇ ಕೆಳಗಾಗಿರುತ್ತದೆ. ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತಲೂ ಒರೆಸಿದಾಗ ಬೀಳುವ ಗೀರು ಒಂದೇ ದಾರಿಯನ್ನು ಉದ್ದಕ್ಕೆ ಅಳಿಸುತ್ತದೆ, ಅದು ತಿದ್ದುವ ಶಕ್ತಿಗೆ ಮೀರಿದ್ದು.

ಮನೆಯಲ್ಲಿ ಬರೆದ ಸಿಡಿಗಳ ಕತೆ ಬೇರೆ. ಅವುಗಳಲ್ಲಿ ಗುಂಡಿಗಳಿಲ್ಲ, ಲೇಸರಿನಿಂದ ಸುಟ್ಟ ಬಣ್ಣದ ಪದರವಿದೆ. ಬಿಸಿಲು, ಕಾರಿನ ಡ್ಯಾಶ್‌ಬೋರ್ಡಿನ ಕಾವು ಆ ಬಣ್ಣವನ್ನು ಕೆಡಿಸುತ್ತದೆ. ಮತ್ತೆ ಮತ್ತೆ ಬರೆಯಬಹುದಾದ ಆರ್‌ಡಬ್ಲ್ಯೂ ತಟ್ಟೆ ಬೆಳಕನ್ನು ಪ್ರತಿಫಲಿಸುವುದು ಕಾರ್ಖಾನೆಯ ಸಿಡಿಗಿಂತ ತೀರ ಕಡಿಮೆ. ಹಳೆಯ ಪ್ಲೇಯರು ಅದನ್ನು ಓದದಿದ್ದರೆ ಪ್ಲೇಯರೂ ಕೆಟ್ಟಿಲ್ಲ, ತಟ್ಟೆಯೂ ಕೆಟ್ಟಿಲ್ಲ. ಒಮ್ಮೆ ಮಾತ್ರ ಬರೆಯಬಹುದಾದ ಆರ್ ತಟ್ಟೆಗೆ ಬರೆದುಕೊಡಿ, ಹಾಡುತ್ತದೆ.

ಈಗ ದುಬಾರಿ ವಸ್ತುವಿನ ಪ್ರಶ್ನೆ. 2008ರಲ್ಲಿ ಜಪಾನಿನಲ್ಲಿ ಎಸ್‌ಎಚ್‌ಎಂ ಸಿಡಿ, ಬ್ಲೂಸ್ಪೆಕ್ ಸಿಡಿ ಬಂದವು. ಮೊದಲನೆಯದರಲ್ಲಿ ಎಲ್‌ಸಿಡಿ ಪರದೆಗೆ ಬಳಸುವಂಥ ಹೆಚ್ಚು ಪಾರದರ್ಶಕ ಪಾಲಿಕಾರ್ಬೊನೇಟ್, ಎರಡನೆಯದರಲ್ಲಿ ಇನ್ನೂ ಕರಾರುವಾಕ್ಕಾಗಿ ಕೊರೆದ ಗುಂಡಿಗಳು. ಚಿನ್ನದ ಪದರದ ಸಿಡಿಗಳೂ ಇವೆ, ಚಿನ್ನ ತುಕ್ಕು ಹಿಡಿಯದು ಎಂಬ ಕಾರಣಕ್ಕೆ ಅವುಗಳ ಬಾಳಿಕೆಯನ್ನು ನಾನು ಗೌರವಿಸುತ್ತೇನೆ. ಆದರೆ ಪ್ಲೇಯರು ಓದಿದ ಅಂಕಿಗಳನ್ನು ಮೊದಲು ಬಫರಿನಲ್ಲಿ, ಅಂದರೆ ತಾತ್ಕಾಲಿಕ ನೆನಪಿನಲ್ಲಿ, ಇಟ್ಟುಕೊಂಡು ತನ್ನದೇ ಗಡಿಯಾರದ ಲೆಕ್ಕದಲ್ಲಿ ಹೊರಗೆ ಕಳಿಸುತ್ತದೆ. ಗೆಳೆಯನ ಫೋನ್ ನಂಬರನ್ನು ರದ್ದಿ ಕಾಗದದಲ್ಲಿ ಬರೆದುಕೊಂಡರೂ ರೇಷ್ಮೆ ಬಟ್ಟೆಯಲ್ಲಿ ಬರೆದುಕೊಂಡರೂ ಕರೆ ಹೋಗುವುದು ಒಂದೇ ಮನೆಗೆ.

‘ಆದರೆ ನನಗೆ ನಿಜವಾಗಿಯೂ ಬೇರೆ ಕೇಳುತ್ತಿದೆ’ ಎನ್ನುವವರ ಮಾತನ್ನು ತಳ್ಳಿಹಾಕಬೇಡಿ. ಅದನ್ನು ತೂಗುವ ದಾರಿಯಿದೆ. ಎರಡೂ ಸಿಡಿಗಳಿಂದ ಒಂದೇ ಹಾಡನ್ನು ಕಂಪ್ಯೂಟರಿಗೆ ವೇವ್ ಫೈಲಾಗಿ ಇಳಿಸಿ. ಉಚಿತವಾಗಿ ಸಿಗುವ ಆಡಾಸಿಟಿಯಲ್ಲಿ ಎರಡನ್ನೂ ತೆರೆದು, ಮೊದಲ ಮಾದರಿಯಿಂದ ಸಾಲು ಹೊಂದಿಸಿ, ಒಂದನ್ನು ಇನ್ವರ್ಟ್ ಮಾಡಿ (ಅಲೆಯನ್ನು ತಲೆಕೆಳಗು ಮಾಡಿ), ಎರಡನ್ನೂ ಬೆರೆಸಿ. ಪೂರ್ತಿ ಮೌನ ಉಳಿದರೆ ಎರಡೂ ಒಂದೇ, ವಸ್ತುವಿನ ವಾದ ಅಲ್ಲಿಗೆ ಮುಗಿಯಿತು. ಹಾಡಿನ ಪಳೆಯುಳಿಕೆ ಕೇಳಿಸಿದರೆ ಎರಡರ ಮಾಸ್ಟರಿಂಗ್, ಅಂದರೆ ಮುದ್ರಣಕ್ಕೆ ಮೊದಲು ನಾದ ಹದಗೊಳಿಸಿದ ಬಗೆ, ಬೇರೆ. ಕಿವಿಗೆ ಕೇಳುವ ವ್ಯತ್ಯಾಸ ಬಹುಪಾಲು ಹುಟ್ಟುವುದು ಇಲ್ಲೇ. ಅಲೆಯ ಚಿತ್ರವನ್ನೂ ನೋಡಿ. 1980ರ ದಶಕದ ಮುದ್ರಣದಲ್ಲಿ ಏರಿಳಿತ ಕಾಣುತ್ತದೆ. 1990ರ ದಶಕದ ನಡುವಿನಿಂದೀಚೆಗೆ ‘ಹೊಸದಾಗಿ ಸಂಸ್ಕರಿಸಿದ್ದು’ ಎಂದು ಬಂದ ಎಷ್ಟೋ ಮುದ್ರಣಗಳಲ್ಲಿ ಮೆಲುದನಿಯನ್ನು ಎತ್ತಿ ಗಟ್ಟಿದನಿಯನ್ನು ಮಿತಿಗೆ ಒತ್ತಿ, ಅಲೆಯ ತಲೆಗಳು ಚಪ್ಪಟೆಯಾಗಿರುತ್ತವೆ. ಮೃದಂಗದ ಎಡಗಡೆಯ ಗುಂಯ್ಯೆನ್ನುವ ಗುಮ್ಕಿ ಅಲ್ಲಿ ಸಾಯುತ್ತದೆ. ಸಿನಿಮಾ ಹಾಡುಗಳಿಗೆ ಈ ಪೆಟ್ಟು ಹೆಚ್ಚು ಬಿದ್ದಿದೆ. ಪರಿಹಾರ ಒಂದೇ: ಹಳೆಯ ಮುದ್ರಣ ಹುಡುಕುವುದು. ಕತ್ತರಿಸಿದ ತಲೆಯನ್ನು ಯಾವ ಫಾರ್ಮ್ಯಾಟೂ ಮರಳಿ ಹಚ್ಚುವುದಿಲ್ಲ.

ಅಪರೂಪದ ಇನ್ನೊಂದು ದೋಷ ಗೊತ್ತಿರಲಿ. ಮೊದಮೊದಲಿನ ಕೆಲವು ಸಿಡಿಗಳಲ್ಲಿ ತಾರ ಕಂಪನಗಳನ್ನು ಬೇಕೆಂದೇ ಎತ್ತಿ ಬರೆಯುತ್ತಿದ್ದರು. ಇದಕ್ಕೆ ಪ್ರೀಎಂಫಸಿಸ್ ಎನ್ನುತ್ತಾರೆ. ಸಿಡಿ ಪ್ಲೇಯರು ಗುರುತು ನೋಡಿ ಅದನ್ನು ಇಳಿಸುತ್ತದೆ, ಕಂಪ್ಯೂಟರಿಗೆ ಇಳಿಸುವ ತಂತ್ರಾಂಶ ಅದನ್ನು ಗಮನಿಸದೆ ಬಿಡಬಹುದು. ‘ಸಿಡಿಯಲ್ಲಿ ಇಂಪು, ಅದರಿಂದಲೇ ಇಳಿಸಿದ ಫೈಲಿನಲ್ಲಿ ಕಿವಿ ಚುಚ್ಚುತ್ತದೆ’ ಎಂಬ ದೂರು ಬಂದರೆ ಇದನ್ನು ನೆನಪಿಸಿಕೊಳ್ಳಿ.

ಫೈಲಿನ ದೂರು

ಇಲ್ಲಿ ಫಾರ್ಮ್ಯಾಟಿನ ಪಾಲು ನಿಜ, ಆದರೆ ಜನ ಅಂದುಕೊಂಡಷ್ಟು ಎತ್ತರದಲ್ಲಿ ಅಲ್ಲ. ಎಂಪಿತ್ರೀ ಕಿವಿಗೆ ಕೇಳದು ಎಂದು ಲೆಕ್ಕ ಹಾಕಿದ್ದನ್ನು ಬಿಟ್ಟುಬಿಡುತ್ತದೆ. ಸಿಡಿಯ ಸೆಕೆಂಡಿಗೆ 1,411 ಕಿಲೋಬಿಟ್ಟನ್ನು (ಇದೇ ಬಿಟ್‌ರೇಟು) 128ಕ್ಕೆ ಇಳಿಸಿದರೆ ಬಿಟ್ಟಿದ್ದು ಕಾಣಿಸಿಕೊಳ್ಳುತ್ತದೆ. ಎಲ್ಲಿ ಹುಡುಕಬೇಕು ಗೊತ್ತೇ? ಚಪ್ಪಾಳೆಯಲ್ಲಿ, ತಾಳದ ಝಣತ್ಕಾರದಲ್ಲಿ, ತಂಬೂರಿ ತಂತಿಯ ಝೇಂಕಾರವಾದ ಜವಾರಿಯಲ್ಲಿ. ಅವು ನೀರಿನೊಳಗೆ ಕಲಕಿದ ಹಾಗೆ ಸುಳಿಯುತ್ತವೆ. ಘಟದ ಒಂದು ಗಟ್ಟಿ ಪೆಟ್ಟಿಗೆ ಸ್ವಲ್ಪ ಮೊದಲೇ, ಕೆಲವು ಮಿಲಿಸೆಕೆಂಡಿನಷ್ಟು, ಮಸುಕಾದ ಉಸಿರಿನಂಥ ಶಬ್ದ ಕೇಳಿದರೆ ಅದೂ ಇದೇ ಒತ್ತುವಿಕೆಯ ಗುರುತು. ಹಾಡುಗಾರನ ಕಂಠದಲ್ಲಿ ಹುಡುಕಿದರೆ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಚೆನ್ನಾಗಿ ಮಾಡಿದ 256 ಅಥವಾ 320 ಕಿಲೋಬಿಟ್ ಫೈಲನ್ನು ಸಿಡಿಯಿಂದ ಬೇರ್ಪಡಿಸಿ ಹೇಳುವುದು ಮೇಲಿನ 16 ಸರದಿಯ ಪರೀಕ್ಷೆಯಲ್ಲಿ ಬಹಳ ಕಷ್ಟ.

ಸಮಸ್ಯೆ ಏನೆಂದರೆ ಹೆಸರಿನಲ್ಲಿ 320 ಇದ್ದ ಮಾತ್ರಕ್ಕೆ ಒಳಗೆ ಅದಿರಬೇಕೆಂದಿಲ್ಲ. 128ರದ್ದನ್ನು ಎತ್ತಿ 320 ಮಾಡಿದವರಿದ್ದಾರೆ, ಅದನ್ನೇ ಫ್ಲ್ಯಾಕ್ ಮಾಡಿದವರೂ ಇದ್ದಾರೆ. ಆಡಾಸಿಟಿಯಲ್ಲಿ ಸ್ಪೆಕ್ಟ್ರೋಗ್ರಾಂ ನೋಟ ತೆರೆಯಿರಿ, ಯಾವ ಎತ್ತರದ ಕಂಪನ ಎಷ್ಟಿದೆ ಎಂಬ ಚಿತ್ರ ಅದು. 16 ಕಿಲೋಹರ್ಟ್ಸ್ ಹತ್ತಿರ ಚಾಕುವಿನಿಂದ ಕೊಯ್ದಂತೆ ಮೇಲಿನದೆಲ್ಲ ಖಾಲಿಯಾಗಿದ್ದರೆ ಅದು ಕಡಿಮೆ ಬಿಟ್‌ರೇಟಿನ ಎಂಪಿತ್ರೀ ಮೂಲದ್ದೆಂಬ ಬಲವಾದ ಅನುಮಾನ. ಇಲ್ಲೊಂದು ಎಚ್ಚರ: ಕ್ಯಾಸೆಟ್ಟಿನಿಂದ, ಹಳೆಯ ಪ್ಲೇಟಿನಿಂದ ಇಳಿಸಿದ ಸಂಗೀತದಲ್ಲಿ ಅಷ್ಟು ಎತ್ತರದ ಕಂಪನಗಳು ಮೊದಲೇ ಇರುವುದಿಲ್ಲ. ಅಲ್ಲಿ ಅಂಚು ಮೆಲ್ಲಗೆ ಕರಗುತ್ತದೆ, ಕೊಯ್ದಂತೆ ನಿಲ್ಲುವುದಿಲ್ಲ. ಆ ವ್ಯತ್ಯಾಸ ನೋಡದೆ ಪ್ರಾಮಾಣಿಕ ಫೈಲನ್ನು ಕಳ್ಳನೆಂದು ಕರೆಯಬೇಡಿ.

ಶ್ರುತಿಯೇ ಏರಿ ಹಾಡು ಓಡುತ್ತಿದ್ದರೆ 44.1 ಕಿಲೋಹರ್ಟ್ಸಿನ ಫೈಲನ್ನು ಯಂತ್ರ 48 ಎಂದು ತಿಳಿದು ನುಡಿಸುತ್ತಿದೆಯೇ ನೋಡಿ. ಆಗ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಮೇಲೇರುತ್ತದೆ. ನಿಮ್ಮ ಶ್ರುತಿಪೆಟ್ಟಿಗೆಯೇ ಇದಕ್ಕೆ ಅಳತೆಗೋಲು.

96 ಕಿಲೋಹರ್ಟ್ಸ್, 24 ಬಿಟ್ ಫೈಲಿಗೆ ದುಡ್ಡು ಕೊಡುವುದು ಬೇಕೇ? 44.1ರಲ್ಲಿಯೇ 22 ಕಿಲೋಹರ್ಟ್ಸ್ ತನಕ ಹಿಡಿಸುತ್ತದೆ, ನಮ್ಮ ಕಿವಿ ಹರೆಯದಲ್ಲೂ 20ಕ್ಕೆ ಸುಸ್ತಾಗುತ್ತದೆ. ಅತಿ ಮೆಲ್ಲನೆಯದರಿಂದ ಅತಿ ಜೋರಿನ ತನಕ 16 ಬಿಟ್ಟಿಗೆ ಸಿಗುವ 96 ಡೆಸಿಬಲ್ ವಿಸ್ತಾರ ಬೀದಿಬದಿಯ ಮನೆಗೆ ಬೇಕಾದ್ದಕ್ಕಿಂತ ಹೆಚ್ಚು. ನೀವೇ ಕಛೇರಿ ರೆಕಾರ್ಡ್ ಮಾಡುವಾಗ 24 ಬಿಟ್ ಇಟ್ಟುಕೊಳ್ಳಿ, ಮಟ್ಟ ತಗ್ಗಿಸಿಟ್ಟರೂ ಗದ್ದಲ ಏಳುವುದಿಲ್ಲ. ಕೇಳುವುದಕ್ಕೆ 16 ಸಾಕು.

ದಾರಿಯಲ್ಲಿ ಕೆಡುವುದು

ಫೈಲು ಚೆನ್ನಾಗಿದ್ದೂ ಲ್ಯಾಪ್‌ಟಾಪಿನ ಬ್ಲೂಟೂತ್ ಹೆಡ್‌ಸೆಟ್ಟಿನಲ್ಲಿ ಟೆಲಿಫೋನಿನ ದನಿ ಬರುತ್ತಿದ್ದರೆ ಯಾವುದೋ ಆ್ಯಪು ಮೈಕನ್ನು ಹಿಡಿದುಕೊಂಡಿದೆ. ಮೈಕು ತೆರೆದೊಡನೆ ಸಂಪರ್ಕ ಮಾತಿನ ಕರೆಯ ಮಟ್ಟಕ್ಕೆ ಇಳಿಯುತ್ತದೆ. ಮೀಟಿಂಗ್ ಆ್ಯಪ್ ಪೂರ್ತಿ ಮುಚ್ಚಿದರೆ ಸರಿಹೋಗುತ್ತದೆ. ಸ್ಟೇಟಸ್ ವಿಡಿಯೋದಿಂದ ಎತ್ತಿದ ಹಾಡು, ವಾಯ್ಸ್ ಮೆಸೇಜಾಗಿ ಬಂದ ಹಾಡು ಎರಡೂ ಹಿಂಡಿ ಹಿಪ್ಪೆಯಾಗಿರುತ್ತವೆ. ಗೆಳೆಯರಿಗೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಸ್ಪೀಕರಿನ ವೈರು ಒಂದು ಕಡೆ ಪ್ಲಸ್ಸು ಮೈನಸ್ಸು ಅದಲುಬದಲಾಗಿದ್ದರೆ ಬೇಸ್ ಮಾಯವಾಗುತ್ತದೆ, ಕಂಠ ಎರಡು ಸ್ಪೀಕರುಗಳ ನಡುವೆ ನಿಲ್ಲದೆ ಕೋಣೆಯಲ್ಲೆಲ್ಲ ಹರಡಿದಂತೆ ಕೇಳುತ್ತದೆ. ಒಂದು ಸ್ಪೀಕರಿನ ಎರಡು ವೈರನ್ನು ತಿರುಗಿಸಿ ಸಿಕ್ಕಿಸಿ ಕೇಳಿ. ಕಾಸಿಲ್ಲದ ಈ ರಿಪೇರಿ ಫಾರ್ಮ್ಯಾಟ್ ಬದಲಾವಣೆಗಿಂತ ಎಷ್ಟೋ ಪಾಲು ದೊಡ್ಡ ಸುಧಾರಣೆ.

ಪ್ಲೇಟು, ಕ್ಯಾಸೆಟ್ಟು: ವಸ್ತುವಿನ ಮಾತು ನಿಜವಾಗುವ ಕಡೆ

ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟು ಅರಗಿನದು. ಅರಗಿಗೆ ಕಲ್ಲಿನ ಪುಡಿ ಸೇರಿಸಿ ಒತ್ತಿದ್ದು, ಭಾರವಾದ ಸೂಜಿಯ ಸವೆತ ತಡೆಯಲಿ ಎಂದು. ಆ ಪುಡಿಯ ಒರಟೇ ನಿಮಗೆ ಕೇಳುವ ಸುಯ್ಯೆಂಬ ಶಬ್ದ, ಅದು ದೋಷವಲ್ಲ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಆದ್ದರಿಂದ ಎಲ್‌ಪಿ ಒರೆಸುವ ಆಲ್ಕೊಹಾಲ್ ದ್ರವ ಇದರ ಹತ್ತಿರ ತರಬೇಡಿ. 78ರಲ್ಲಿ ಸೂಜಿ ಓಡುವ ತೋಡು ಅಗಲ, ಅದಕ್ಕೆ ಸುಮಾರು 3 ಮಿಲ್ (ಮಿಲ್ ಎಂದರೆ ಇಂಚಿನ ಸಾವಿರದ ಒಂದು ಪಾಲು) ತುದಿಯ ಸೂಜಿ ಬೇಕು. ಎಲ್‌ಪಿಯ 0.7 ಮಿಲ್ ಸೂಜಿ ತೋಡಿನ ತಳಕ್ಕೆ ಇಳಿದು ಬರೀ ಕೊಳೆ ಕೆರೆಯುತ್ತದೆ. ‘ಪ್ಲೇಟು ಹಾಳಾಗಿದೆ’ ಎಂದು ಮೂಲೆಗೆ ಹಾಕಿದ ಎಷ್ಟೋ 78ಗಳು ಸರಿಯಾದ ಸೂಜಿ ಸಿಕ್ಕರೆ ಇನ್ನೂ ಹಾಡುತ್ತವೆ.

ಎಲ್‌ಪಿಯಲ್ಲಿ ಗಡಿಯಾರ ಹಿಡಿದು ದೋಷ ಹಿಡಿಯಬಹುದು. 33⅓ ವೇಗದಲ್ಲಿ ಒಂದು ಸುತ್ತಿಗೆ 1.8 ಸೆಕೆಂಡು, 78ರಲ್ಲಿ 0.77. ಟಿಕ್ ಶಬ್ದವಾಗಲಿ ತಂಬೂರಿಯ ಶ್ರುತಿ ತೂಗಾಡುವುದಾಗಲಿ ಸರಿಯಾಗಿ 1.8 ಸೆಕೆಂಡಿಗೊಮ್ಮೆ ಬಂದರೆ ಮೊದಲನೆಯದು ಗೀರು, ಎರಡನೆಯದು ನಡುವಿನ ತೂತು ಓರೆಯಾಗಿರುವುದು ಅಥವಾ ತಟ್ಟೆ ಬಾಗಿರುವುದು. ತೂಗಾಟಕ್ಕೆ ಆ ಲೆಕ್ಕವಿಲ್ಲದಿದ್ದರೆ ಬೆಲ್ಟು, ಮೋಟರು. ಪ್ರತಿ ತಟ್ಟೆಯಲ್ಲೂ ಕೊನೆಯ ಹಾಡೇ ಕರ್ಕಶವಾದರೆ ಸೂಜಿ ಸವೆದಿದೆ ಅಥವಾ ಕೂರಿಸಿದ ಕೋನ ತಪ್ಪಿದೆ. ಒಳಗಿನ ಸುತ್ತಿನಲ್ಲಿ ತೋಡು ಓಡುವ ವೇಗ ಹೊರಗಿನ ಅರ್ಧಕ್ಕಿಂತ ಕಡಿಮೆಯಾದ್ದರಿಂದ ತಪ್ಪು ಅಲ್ಲಿ ಮೊದಲು ಹೊರಬೀಳುತ್ತದೆ. 180 ಗ್ರಾಂ ತೂಕದ ತಟ್ಟೆ ಸುಲಭಕ್ಕೆ ಬಾಗದು, ಆದರೆ ತೋಡಿನೊಳಗಿನ ನಾದ ತೂಕದಿಂದ ಬದಲಾಗದು. ತೆಳ್ಳಗೆ, ಸೊಳ್ಳೆಯಂತೆ ದನಿ ಬಂದರೆ ಫೋನೊ ಪ್ರೀಆಂಪ್ ಇಲ್ಲದೆ ನೇರ ಆಕ್ಸ್‌ಗೆ ಸಿಕ್ಕಿಸಿದ್ದೀರಿ. ತಟ್ಟೆಯಲ್ಲಿ ಮಂದ್ರವನ್ನು ತಗ್ಗಿಸಿ ತಾರವನ್ನು ಎತ್ತಿ ಬರೆದಿರುತ್ತಾರೆ, ಅದನ್ನು ತಿರುಗಿ ಸಮ ಮಾಡುವುದು ಆ ಪೆಟ್ಟಿಗೆಯ ಕೆಲಸ.

ಕ್ಯಾಸೆಟ್ಟು ಮಂಕಾದರೆ ಟೇಪನ್ನು ಓದುವ ಹೆಡ್ಡು ಒರೆಸಿ, ಒಳಗಿನ ಸ್ಪಂಜು ಕಳಚಿದೆಯೇ ನೋಡಿ, ಆಮೇಲೂ ಮಂಕಿದ್ದರೆ ಹೆಡ್ಡಿನ ಪಕ್ಕದ ಚಿಕ್ಕ ಸ್ಕ್ರೂ ಮುಟ್ಟಿ. ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡು ಯಾವ ಓರೆಯಲ್ಲಿತ್ತೋ ಅದೇ ಓರೆಗೆ ಇದನ್ನು ತರಬೇಕು. ಎರಡು ಚಾನೆಲ್ಲನ್ನೂ ಮೋನೊ ಮಾಡಿ, ಸ್ಕ್ರೂವನ್ನು ಎಳ್ಳಷ್ಟು ಎಳ್ಳಷ್ಟು ತಿರುಗಿಸುತ್ತ ‘ಸ’ಕಾರ ಎಲ್ಲಿ ಅತಿ ಚೂಪಾಗುತ್ತದೋ ಅಲ್ಲಿ ನಿಲ್ಲಿಸಿ. ಮುಸುಕಿದ ದನಿ ಒಮ್ಮೆಲೇ ತೆರೆದುಕೊಳ್ಳುತ್ತದೆ, ಇಷ್ಟು ಸಂತೋಷ ಕೊಡುವ ರಿಪೇರಿ ಇನ್ನೊಂದಿಲ್ಲ.

ಕಛೇರಿಯ ಕ್ಯಾಸೆಟ್ಟಿನಲ್ಲಿ ಗಾಯಕ ಎತ್ತಿಕೊಳ್ಳುವ ಒಂದೂವರೆಯಿಂದ ಮೂರು ಸೆಕೆಂಡು ಮೊದಲೇ ಅದೇ ಸಾಲು ದೂರದಲ್ಲಿ ಕೇಳಿಸಿದರೆ ಅದು ಎಂಪಿತ್ರೀ ದೋಷವಲ್ಲ. ಸುರುಳಿಯ ಒಂದು ಪದರದ ಕಾಂತತೆ ಪಕ್ಕದ ಪದರಕ್ಕೆ ಅಂಟಿದ್ದು. ತೆಳ್ಳನೆಯ ಟೇಪಿನ ಸಿ-90, ಸಿ-120ಗಳಲ್ಲಿ ಹೆಚ್ಚು. ಹಾಗೆಯೇ, ಕಛೇರಿ ಮುಂದುವರಿದಂತೆ ಶ್ರುತಿ ಮೆಲ್ಲಗೆ ಏರುತ್ತ ಹೋದರೆ ರೆಕಾರ್ಡ್ ಮಾಡುವಾಗ ಸೆಲ್ಲು ಇಳಿಯುತ್ತಿತ್ತು. ಯಂತ್ರ ನಿಧಾನವಾಗಿ ಓಡುತ್ತ ಹಿಡಿದದ್ದು ಈಗ ಸರಿಯಾದ ವೇಗದಲ್ಲಿ ಏರಿ ಕೇಳುತ್ತದೆ. ಕಂಪ್ಯೂಟರಿಗೆ ಇಳಿಸಿಕೊಂಡು ತಂಬೂರಿಗೆ ಹೊಂದಿಸುತ್ತ ತುಂಡು ತುಂಡಾಗಿ ತಿದ್ದಬಹುದು.

ಮಳೆಗಾಲಕ್ಕೆ ಮೊದಲು

ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಆ ಕ್ಯಾಸೆಟ್ಟನ್ನು ಒಳ್ಳೆಯ ಡೆಕ್ಕಿಗೆ ಹಾಕಬೇಡಿ, ಹಾಕಿದ ಮೇಲೆ ಹೆಡ್ಡಿನಿಂದ ಬೇರೆ ಕ್ಯಾಸೆಟ್ಟಿಗೂ ದಾಟುತ್ತದೆ. ಮೂಗಿಗೆ ಮಾಸ್ಕ್ ಕಟ್ಟಿ, ಒಣ ದಿನ ನೋಡಿ, ಅದಕ್ಕೇ ಮೀಸಲಾದ ಹಳೆಯ ಪ್ಲೇಯರಿನಲ್ಲಿ ಮೆಲ್ಲಗೆ ಸುತ್ತಿಸಿ, ಮೆತ್ತನೆಯ ಬಟ್ಟೆಯಿಂದ ಒರೆಸಿ.

ಎಲ್ಲವನ್ನೂ ಒಟ್ಟಿಗೆ ಉಳಿಸಲು ಪುರುಸೊತ್ತು ಇಲ್ಲದವರು ಈ ಕ್ರಮ ಹಿಡಿಯಬಹುದು. ಮನೆಯಲ್ಲಿ ಬರೆದ ಸಿಡಿಗಳನ್ನು ಮೊದಲು ಫ್ಲ್ಯಾಕ್‌ಗೆ ಇಳಿಸಿ. ಅವು ಮುನ್ಸೂಚನೆ ಕೊಡದೆ ಒಂದು ದಿನ ತೆರೆಯುವುದನ್ನೇ ನಿಲ್ಲಿಸುತ್ತವೆ. ಆಮೇಲೆ ಕಛೇರಿಯ ಕ್ಯಾಸೆಟ್ಟುಗಳು, ಯಾಕೆಂದರೆ ಅವುಗಳ ಇನ್ನೊಂದು ಪ್ರತಿ ಯಾರ ಬಳಿಯೂ ಇಲ್ಲದಿರಬಹುದು. ಅರಗಿನ ಪ್ಲೇಟು ಕೈತಪ್ಪಿ ಬಿದ್ದು ಒಡೆಯದಿದ್ದರೆ ಕಾಯುತ್ತದೆ, ನಿಲ್ಲಿಸಿ ಇಡಿ. ಅಂಗಡಿಯಲ್ಲಿ ಕೊಂಡ ಕಾರ್ಖಾನೆಯ ಸಿಡಿಗಳನ್ನು ಕೊನೆಗೆ ಮುಟ್ಟಿದರೂ ನಡೆಯುತ್ತದೆ.